ಬಾಡಿಗೆ ಮನೆಯಲ್ಲಿ ನೆಟ್ಟ ಗಿಡ ಯಾರದ್ದು?

1997ರಲ್ಲಿ ಇಂಗ್ಲೆಂಡಿನ ವರ್ಜಿನ್ ಪ್ರಕಾಶನಕ್ಕೆ ಒಂದು ವಿಚಿತ್ರ ಪರಿಸ್ಥಿತಿ ಬಂತು. ಆರು ವರ್ಷದಿಂದ ಅವರು ಒಂದು ಸೈನ್ಸ್ ಫಿಕ್ಷನ್ ಕಾದಂಬರಿ ಸರಣಿ ತರುತ್ತಿದ್ದರು. 61 ಪುಸ್ತಕ ಆಗಿತ್ತು. ಓದುವವರಿದ್ದರು, ಬರೆಯುವವರಿದ್ದರು. ಇಲ್ಲದೇ ಹೋದದ್ದು ಕಥಾನಾಯಕ ಒಬ್ಬನೇ. ನಾಯಕನನ್ನು ಅವನ ಮಾಲೀಕರು ವಾಪಸ್ ಕರೆಸಿಕೊಂಡಿದ್ದರು!

ಆ ನಾಯಕ 'ಡಾಕ್ಟರ್'. ಬಿಬಿಸಿಯ 'ಡಾಕ್ಟರ್ ಹೂ' ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ನೀಲಿ ಪೊಲೀಸ್ ಬಾಕ್ಸ್‌ನಲ್ಲಿ ಕಾಲದ ಹಿಂದೆ ಮುಂದೆ ಓಡಾಡುವ ಮನುಷ್ಯ. 1963ರಲ್ಲಿ ಶುರುವಾದ ಧಾರಾವಾಹಿ 1989ರಲ್ಲಿ ನಿಂತುಹೋಯಿತು. ಟಿವಿಯಲ್ಲಿ ಡಾಕ್ಟರ್ ಇಲ್ಲದ ಆ ವರ್ಷಗಳಲ್ಲಿ ವರ್ಜಿನ್ ಸಂಸ್ಥೆ ಬಿಬಿಸಿಯಿಂದ ಲೈಸೆನ್ಸ್ ಪಡೆದು, 1991ರಿಂದ 'ನ್ಯೂ ಅಡ್ವೆಂಚರ್ಸ್' ಎಂಬ ಹೊಸ ಕಾದಂಬರಿಗಳನ್ನು ತಂದು ಕಥೆ ಮುಂದುವರಿಸಿತು. 1996ರಲ್ಲಿ ಒಂದು ಟಿವಿ ಸಿನಿಮಾ ಬಂತು. ಆಮೇಲೆ ಬಿಬಿಸಿ, ಪುಸ್ತಕಗಳನ್ನು ನಾವೇ ಮಾಡ್ಕೋತೀವಿ ಅಂತ ತೀರ್ಮಾನಿಸಿ ಲೈಸೆನ್ಸ್ ಮುಂದುವರಿಸಲಿಲ್ಲ.

ಅಲ್ಲಿಗೆ ಸರಣಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮುಂದಿನ ತಿಂಗಳೇ ಅದೇ ಸರಣಿಯಲ್ಲಿ ಮತ್ತೊಂದು ಪುಸ್ತಕ ಬಂತು. ಡಾಕ್ಟರ್ ಇಲ್ಲ, ಅವನ ನೀಲಿ ಡಬ್ಬಿ ಇಲ್ಲ, ಬಿಬಿಸಿಗೆ ಸೇರಿದ ಯಾವುದೂ ಇಲ್ಲ. ಇದ್ದದ್ದು ಬರ್ನಿಸ್ ಸಮ್ಮರ್‌ಫೀಲ್ಡ್. 26ನೇ ಶತಮಾನದ ಪುರಾತತ್ವಶಾಸ್ತ್ರಜ್ಞೆ, ಡಾಕ್ಟರ್ ಜೊತೆ ಊರೂರು ಸುತ್ತಿದ್ದವಳು. ಅವಳನ್ನೇ ನಾಯಕಿಯನ್ನಾಗಿ ಮಾಡಿ 1999ರ ತನಕ ಇನ್ನೂ 23 ಪುಸ್ತಕ ತಂದರು.

ಇದು ಹೇಗೆ ಸಾಧ್ಯವಾಯ್ತು? ಅವಳು ಬಿಬಿಸಿಯವಳಲ್ಲ, ಅದಕ್ಕೆ. 1992ರಲ್ಲಿ 'ಲವ್ ಅಂಡ್ ವಾರ್' ಎಂಬ ಕಾದಂಬರಿಗಾಗಿ ಪಾಲ್ ಕಾರ್ನೆಲ್ ಅವಳನ್ನು ಸೃಷ್ಟಿಸಿದ್ದರು. ಟಿವಿಯಲ್ಲಿದ್ದ ಪಾತ್ರಗಳು ಟಿವಿಯವರದ್ದು, ಕಾದಂಬರಿಕಾರ ಹೊಸದಾಗಿ ಹುಟ್ಟಿಸಿದ ಪಾತ್ರ ಕಾದಂಬರಿಕಾರನದ್ದು: ಆ ಸರಣಿ ನಡೆದದ್ದು ಈ ಲೆಕ್ಕದಲ್ಲಿ. ಕಾಂಟ್ರಾಕ್ಟಿನ ಇಷ್ಟೇ ಇಷ್ಟು ವಿಷಯ ಒಂದು ಇಡೀ ಸರಣಿಯನ್ನು ಉಳಿಸಿತು.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಲೈಸೆನ್ಸ್ ಪಡೆದು ಬರೆಯುವ ಕಾದಂಬರಿಯಲ್ಲಿ ಲೇಖಕ ಹೊಸದಾಗಿ ಹುಟ್ಟಿಸಿದ ಪಾತ್ರದ ಹಕ್ಕು ಲೇಖಕನ ಹತ್ತಿರವೇ ಇರಬೇಕು. ಬಳಸುವ ಅನುಮತಿ ಬೇಕಾದರೆ ಮಾಲೀಕ ಕಂಪನಿಗೆ ಇರಲಿ.

ಬಾಡಿಗೆ ಮನೆಯ ಉದಾಹರಣೆ ತಗೊಳ್ಳಿ. ಮನೆ ಓನರ್‌ದು. ಗೋಡೆ ಒಡೆಯುವ ಹಾಗಿಲ್ಲ, ಬಣ್ಣ ಬದಲಿಸಬೇಕಾದರೂ ಕೇಳಬೇಕು. ಇದರಲ್ಲಿ ತಕರಾರೇನೂ ಇಲ್ಲ. ಆದರೆ ನೀವು ಒಂದು ಕುಂಡ ತಂದು, ಮಣ್ಣು ಹಾಕಿ, ಕರಿಬೇವಿನ ಗಿಡ ನೆಟ್ಟು, ದಿನಾ ನೀರು ಹಾಕಿ ಬೆಳೆಸಿದಿರಿ. ಮನೆ ಖಾಲಿ ಮಾಡುವ ದಿನ ಓನರ್ ಬಂದು, "ಗಿಡ ನಮ್ಮ ಕಾಂಪೌಂಡಿನಲ್ಲಿ ಬೆಳೆದದ್ದು, ಮುಟ್ಟಬೇಡಿ" ಅಂದರೆ ಹೇಗಿರುತ್ತೆ? ನೀವು ಇರುವಷ್ಟು ದಿನ ಓನರ್ ಮನೆಯವರು ಒಗ್ಗರಣೆಗೆ ನಾಲ್ಕು ಎಸಳು ಕಿತ್ತುಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಗಿಡವೇ ತನ್ನದು ಅನ್ನುವುದು ಬೇರೆ.

ಹಾಲಿವುಡ್‌ನ ಬಹುತೇಕ ದೊಡ್ಡ ಲೈಸೆನ್ಸ್‌ಗಳಲ್ಲಿ ಗಿಡ ಓನರ್‌ದೇ. 'ಸ್ಟಾರ್ ವಾರ್ಸ್' ನೋಡಿ. ಸಿನಿಮಾಗಳು ನಿಂತು ವರ್ಷಗಳಾಗಿದ್ದ ಹೊತ್ತಿನಲ್ಲಿ, 1991ರಲ್ಲಿ, ಟಿಮೊಥಿ ಝಾನ್ 'ಏರ್ ಟು ದಿ ಎಂಪೈರ್' ಬರೆದರು. ನ್ಯೂಯಾರ್ಕ್ ಟೈಮ್ಸ್ ಬೆಸ್ಟ್‌ಸೆಲ್ಲರ್ ಪಟ್ಟಿಯ ತುದಿಗೆ ಹೋದ ಪುಸ್ತಕ ಅದು. ಅದರಲ್ಲಿ ಇಬ್ಬರು ಹೊಸಬರು ಬಂದರು. ಒಬ್ಬ ನೀಲಿ ಚರ್ಮ, ಕೆಂಪು ಕಣ್ಣಿನ ಗ್ರ್ಯಾಂಡ್ ಅಡ್ಮಿರಲ್ ಥ್ರಾನ್. ಶತ್ರುಗಳ ಚಿತ್ರಕಲೆ ನೋಡಿ ಅವರ ಯುದ್ಧತಂತ್ರ ಊಹಿಸುವಂಥ ಬುದ್ಧಿವಂತ ಖಳನಾಯಕ. ಇನ್ನೊಬ್ಬಳು ಮಾರಾ ಜೇಡ್, ಚಕ್ರವರ್ತಿಯ ಗುಪ್ತ ಏಜೆಂಟ್ ಆಗಿದ್ದವಳು. ಮುಂದೆ ಬೇರೆ ಪುಸ್ತಕಗಳಲ್ಲಿ ಲ್ಯೂಕ್ ಸ್ಕೈವಾಕರ್‌ನನ್ನೇ ಮದುವೆಯಾದಳು. ಸಿನಿಮಾದಲ್ಲಿ ಇಲ್ಲದ ಇವರಿಬ್ಬರು ಅಭಿಮಾನಿಗಳಿಗೆ ಮನೆಮಂದಿಯಂತೆ ಆದರು. ಆದರೆ ಪುಸ್ತಕದ ಕಾಪಿರೈಟ್ ಲ್ಯೂಕಾಸ್‌ಫಿಲ್ಮ್‌ನದ್ದು. ಇಬ್ಬರೂ ಕಂಪನಿಯ ಆಸ್ತಿ.

2012ರಲ್ಲಿ ಲ್ಯೂಕಾಸ್‌ಫಿಲ್ಮ್ ಡಿಸ್ನಿಯ ಕೈಸೇರಿತು. 2014ರ ಏಪ್ರಿಲ್‌ನಲ್ಲಿ, ಅಲ್ಲಿಯವರೆಗಿನ ಕಾದಂಬರಿಗಳೆಲ್ಲ ಇನ್ಮೇಲೆ 'ಲೆಜೆಂಡ್ಸ್', ಅಧಿಕೃತ ಕಥೆಯ ಭಾಗ ಅಲ್ಲ ಎಂದು ಘೋಷಣೆ ಆಯಿತು. ಕಂಪನಿಗೆ ಹೊಸ ಸಿನಿಮಾ ಮಾಡಬೇಕಿತ್ತು, ಹಳೇ ಕಥೆಗಳ ಕಟ್ಟುಪಾಡು ಬೇಡವಾಗಿತ್ತು. ಆ ನಿರ್ಧಾರ ನನಗೆ ಅರ್ಥ ಆಗುತ್ತೆ. ಆಮೇಲೆ ಆದದ್ದು ಇಲ್ಲಿ ಮುಖ್ಯ. ಥ್ರಾನ್ ಕಂಪನಿಗೆ ಬೇಕಾದ. 2016ರಲ್ಲಿ 'ರೆಬೆಲ್ಸ್' ಅನಿಮೇಶನ್ ಸರಣಿಗೆ ಬಂದ, 2023ರಲ್ಲಿ 'ಅಸೋಕಾ' ಸರಣಿಯಲ್ಲಿ ನಟ ಲಾರ್ಸ್ ಮಿಕೆಲ್ಸನ್ ಮುಖ ಹೊತ್ತು ಬಂದ. ಝಾನ್ ಅವರಿಗೂ ಥ್ರಾನ್ ಬಗ್ಗೆ ಹೊಸ ಕಾದಂಬರಿಗಳನ್ನು ಬರೆಯುವ ಅವಕಾಶ ಸಿಕ್ಕಿತು. ಮಾರಾ ಜೇಡ್‌ಗೆ ಮಾತ್ರ ಹೊಸ ಸಿನಿಮಾಗಳಲ್ಲಿ ಜಾಗ ಸಿಗಲಿಲ್ಲ. ಒಂದೇ ಪುಸ್ತಕದಲ್ಲಿ, ಒಬ್ಬನೇ ಲೇಖಕನ ಕೈಯಲ್ಲಿ ಹುಟ್ಟಿದ ಇಬ್ಬರು. ಒಬ್ಬ ಸ್ಕ್ರೀನ್ ಮೇಲೆ, ಇನ್ನೊಬ್ಬಳು ಬೀಗ ಹಾಕಿದ ರೂಮಿನಲ್ಲಿ. ಅವಳ ಕಥೆ ಮುಂದುವರಿಸೋಣ ಅಂದರೆ ಸ್ವತಃ ಝಾನ್ ಕೂಡ ಕಂಪನಿಯ ಒಪ್ಪಿಗೆ ಕೇಳಬೇಕು.

"ಥ್ರಾನ್ ವಾಪಸ್ ಬಂದನಲ್ಲ, ಇನ್ನೇನು?" ಅನ್ನಬಹುದು. ಬಂದ, ನಿಜ. ಅವನು ಬಂದದ್ದು ಕಂಪನಿಗೆ ಮನಸ್ಸು ಬಂದದ್ದರಿಂದ. ಮನಸ್ಸು ಬಾರದಿದ್ದರೆ ಕೇಳುವುದಕ್ಕೆ ಲೇಖಕನಿಗೆ ದಾರಿ ಇರಲಿಲ್ಲ. ಹಕ್ಕು ಇರುವುದಕ್ಕೂ ಕೃಪೆ ಇರುವುದಕ್ಕೂ ಇಷ್ಟೇ ವ್ಯತ್ಯಾಸ.

ಈಗ ಬರ್ನಿಸ್ ಕಡೆ ತಿರುಗಿ ನೋಡಿ. 1998ರಲ್ಲಿ ಬಿಗ್ ಫಿನಿಶ್ ಎಂಬ ಚಿಕ್ಕ ಸಂಸ್ಥೆ ಅವಳ ಕಥೆಗಳನ್ನು ಆಡಿಯೋ ನಾಟಕ ಮಾಡಿತು. ಆಗ ಅವರ ಹತ್ತಿರ 'ಡಾಕ್ಟರ್ ಹೂ' ಲೈಸೆನ್ಸ್ ಇರಲಿಲ್ಲ. ಬರ್ನಿಸ್‌ಗೆ ಅದು ಬೇಕಾಗಿಯೂ ಇರಲಿಲ್ಲ. ಆ ನಾಟಕಗಳಿಂದ ತಮ್ಮ ಕೆಲಸ ಎಂಥದ್ದು ಅಂತ ತೋರಿಸಿಕೊಟ್ಟ ಮೇಲೆ ಬಿಬಿಸಿ ಲೈಸೆನ್ಸೂ ಸಿಕ್ಕಿತು. 1999ರಿಂದ ಡಾಕ್ಟರ್‌ನ ಆಡಿಯೋ ನಾಟಕಗಳನ್ನೂ ಅವರೇ ತರುತ್ತಿದ್ದಾರೆ. ಅಂದರೆ ಲೇಖಕನ ಕೈಯಲ್ಲಿ ಉಳಿದ ಒಂದು ಪಾತ್ರದಿಂದ ಕೊನೆಗೆ ಲಾಭ ಆದದ್ದು ಬಿಬಿಸಿಗೂ ಕೂಡ.

ಅಷ್ಟೇ ಅಲ್ಲ. ಕಾರ್ನೆಲ್ 1995ರಲ್ಲಿ ಬರೆದ 'ಹ್ಯೂಮನ್ ನೇಚರ್' ಕಾದಂಬರಿಯನ್ನು 2007ರಲ್ಲಿ ಅವರೇ ಟಿವಿಗೆ ಎರಡು ಕಂತಾಗಿ ಬರೆದುಕೊಟ್ಟರು. ಪುಸ್ತಕದಲ್ಲಿ ಬರ್ನಿಸ್ ಇದ್ದ ಜಾಗದಲ್ಲಿ ಟಿವಿಯಲ್ಲಿ ಮಾರ್ಥಾ ಇದ್ದಳು. ಯಾವ ಆಕಾಶವೂ ಕಳಚಿ ಬೀಳಲಿಲ್ಲ. ಬರ್ನಿಸ್ ಒಬ್ಬಳೇ ಅಲ್ಲ ಮತ್ತೆ. ಆಂಡಿ ಲೇನ್ 'ಒರಿಜಿನಲ್ ಸಿನ್' ಕಾದಂಬರಿಯಲ್ಲಿ ಸೃಷ್ಟಿಸಿದ ಕ್ರಿಸ್ ಕ್ವೆಜ್ ಎಂಬ ಪಾತ್ರ, ಡಾಕ್ಟರ್ ಹೊರಟುಹೋದ ಮೇಲೂ ಲಾರೆನ್ಸ್ ಮೈಲ್ಸ್ ಬರೆದ 'ಡೆಡ್ ರೊಮ್ಯಾನ್ಸ್'ನಲ್ಲಿ ಕಾಣಿಸಿಕೊಂಡ. ಅದೇ ಮೈಲ್ಸ್, ಬಿಬಿಸಿಯದ್ದೇ ಪುಸ್ತಕ 'ಏಲಿಯನ್ ಬಾಡೀಸ್'ನಲ್ಲಿ ತಂದ 'ಫ್ಯಾಕ್ಷನ್ ಪ್ಯಾರಡಾಕ್ಸ್' ಎಂಬ ಗುಂಪನ್ನು ಹೊರಗೆ ತಗೊಂಡು ಹೋಗಿ, ಅದಕ್ಕೆ ಬೇರೆಯದೇ ಪುಸ್ತಕ ಸರಣಿ ಕಟ್ಟಿದರು.

ಇನ್ನೂ ಹಳೇ ಉದಾಹರಣೆ ಬೇಕಾದರೆ, ನಮ್ಮ ಹಾಸ್ಟೆಲ್‌ಗಳಲ್ಲಿ 42 ಅಂದ ತಕ್ಷಣ ನೆನಪಾಗುವ ಡಗ್ಲಸ್ ಆಡಮ್ಸ್ ಇದ್ದಾರಲ್ಲ. 1979ರಲ್ಲಿ ಅವರು 'ಡಾಕ್ಟರ್ ಹೂ'ಗೆ 'ಶಾಡಾ' ಎಂಬ ಕಥೆ ಬರೆದರು. ಸ್ಟ್ರೈಕ್ ಆಗಿ ಶೂಟಿಂಗ್ ಅರ್ಧಕ್ಕೇ ನಿಂತಿತು. ಅದರಲ್ಲಿದ್ದ ಪ್ರೊಫೆಸರ್ ಕ್ರೊನೋಟಿಸ್ ಎಂಬ ಮರೆಗುಳಿ ಮುದುಕನನ್ನು ಆಡಮ್ಸ್ 1987ರಲ್ಲಿ ತಮ್ಮ 'ಡರ್ಕ್ ಜೆಂಟ್ಲಿ' ಕಾದಂಬರಿಗೆ ಕರಕೊಂಡು ಬಂದರು. ಡಾಕ್ಟರ್‌ನ ಲೋಕಕ್ಕೆ ಸೇರಿದ ಹೆಸರುಗಳನ್ನೆಲ್ಲ ಅಲ್ಲೇ ಬಿಟ್ಟು, ತಮ್ಮ ಮುದುಕನನ್ನು ಮಾತ್ರ ತಂದರು. ಕುಂಡ ಎತ್ತಿಕೊಂಡು ಹೊಸ ಮನೆಗೆ ಹೋಗುವುದು ಅಂದರೆ ಇದೇ. ಓನರ್ ಮನೆಯ ಒಂದು ಇಟ್ಟಿಗೆಯೂ ಅಲ್ಲಾಡಲಿಲ್ಲ, ನಮಗೆ ಒಂದು ಒಳ್ಳೇ ಕಾದಂಬರಿ ಸಿಕ್ಕಿತು.

ಈಗ ಎದುರು ಪಕ್ಷದ ವಾದಕ್ಕೆ ಬರೋಣ. ಅದರಲ್ಲೂ ತಿರುಳಿದೆ. ಒಂದೇ ಲೋಕದಲ್ಲಿ ಐವತ್ತು ಜನ ಬರೆಯುತ್ತಾರೆ. ಒಬ್ಬೊಬ್ಬರ ಪಾತ್ರದ ಹಕ್ಕೂ ಒಬ್ಬೊಬ್ಬರ ಹತ್ತಿರ ಇದ್ದರೆ, ಒಂದು ಸೀನ್ ಬರೆಯಬೇಕಾದರೂ ಹತ್ತು ಮನೆ ಬಾಗಿಲು ತಟ್ಟಬೇಕು. ಒಬ್ಬರು ಆಗಲ್ಲ ಅಂದರೆ ಕಥೆ ನಿಂತುಹೋಗುತ್ತೆ.

ಇದು ಬರೀ ಕಲ್ಪನೆ ಅಲ್ಲ. 'ಡಾಕ್ಟರ್ ಹೂ'ದ ಅತಿ ಪ್ರಸಿದ್ಧ ಶತ್ರುಗಳಾದ ಡಾಲೆಕ್‌ಗಳನ್ನು 1963ರಲ್ಲಿ ಸೃಷ್ಟಿಸಿದ್ದು ಟೆರಿ ನೇಷನ್. ಫ್ರೀಲಾನ್ಸ್ ಲೇಖಕರಾದ್ದರಿಂದ ಹಕ್ಕಿನಲ್ಲಿ ಅವರಿಗೆ ಪಾಲು ಉಳಿಯಿತು. 2004ರಲ್ಲಿ ಧಾರಾವಾಹಿ ಮತ್ತೆ ತಯಾರಾಗುತ್ತಿದ್ದಾಗ, ಬಿಬಿಸಿಗೂ ನೇಷನ್ ಅವರ ಹಕ್ಕು ನೋಡಿಕೊಳ್ಳುವವರಿಗೂ ಹೊಂದಾಣಿಕೆ ಆಗದೆ, ಡಾಲೆಕ್ ಇಲ್ಲದೆಯೇ ಸರಣಿ ಬರುತ್ತೆ ಎನ್ನುವ ತನಕ ಹೋಯಿತು. ಆಮೇಲೆ ಒಪ್ಪಂದ ಆಗಿ 2005ರಲ್ಲಿ ಡಾಲೆಕ್ ಬಂತು. ಹಾಗಾಗಿ ಲೇಖಕರ ಕಡೆಯವರೂ ಹಗ್ಗ ಜಗ್ಗಬಲ್ಲರು ಎನ್ನುವುದನ್ನು ಒಪ್ಪಲೇಬೇಕು.

ಆದರೆ ಅದೇ ಡಾಲೆಕ್ ಕಥೆಯ ಇನ್ನೊಂದು ಮಗ್ಗುಲು ನಾವು, ಅಂದರೆ ಎಂಜಿನಿಯರಿಂಗ್ ಓದುತ್ತಿರುವವರು, ನೋಡಲೇಬೇಕು. ಡಾಲೆಕ್ ಅಂದ ಕೂಡಲೇ ಕಣ್ಣಿಗೆ ಬರುವ ಆಕಾರ, ಅಂದರೆ ಆ ಗುಮ್ಮಟದ ತಲೆ, ಮೈತುಂಬಾ ಅರ್ಧಗೋಳಗಳು, ಕಾಲಿಲ್ಲದೆ ಜಾರುತ್ತಾ ಬರುವ ದೇಹ, ನೇಷನ್ ಮಾಡಿದ್ದಲ್ಲ. ಅದನ್ನು ವಿನ್ಯಾಸ ಮಾಡಿದ್ದು ರೇಮಂಡ್ ಕ್ಯೂಸಿಕ್. ಅವರು ಬಿಬಿಸಿಯ ಸಂಬಳದ ಡಿಸೈನರ್. ಗೊಂಬೆಗಳು ಲೆಕ್ಕವಿಲ್ಲದಷ್ಟು ಮಾರಾಟವಾದವು. ಕ್ಯೂಸಿಕ್‌ಗೆ ಹಕ್ಕಿನಲ್ಲಿ ಪಾಲು ಇರಲಿಲ್ಲ. ಸಂಬಳದ ಮೇಲೆ ಸಿಕ್ಕಿದ್ದು 100 ಪೌಂಡಿನ ಒಂದು ಸಲದ ಬೋನಸ್. ಒಂದೇ ಯಂತ್ರ, ಇಬ್ಬರು ಸೃಷ್ಟಿಕರ್ತರು. ಒಬ್ಬರ ಕುಟುಂಬ ನಲವತ್ತು ವರ್ಷದ ಮೇಲೂ ಬಿಬಿಸಿಯ ಎದುರು ಕೂತು ಮಾತಾಡಬಹುದಿತ್ತು. ಇನ್ನೊಬ್ಬರಿಗೆ ಆ ಕುರ್ಚಿಯೇ ಇರಲಿಲ್ಲ. ಯಾರ ಪ್ರತಿಭೆ ಹೆಚ್ಚು ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಹಿ ಹಾಕಿದ ಕಾಗದ ಬೇರೆ ಬೇರೆ, ಅಷ್ಟೇ.

ಹಾಗಾದರೆ ಹತ್ತು ಬಾಗಿಲು ತಟ್ಟುವ ಸಮಸ್ಯೆಗೆ ಪರಿಹಾರ? ನಮಗೆ ಗೊತ್ತಿರುವ ಜಾಗದಲ್ಲೇ ಇದೆ. ಲಿನಕ್ಸ್ ಕರ್ನಲ್ ನೋಡಿ. ಸಾವಿರಾರು ಜನ ಕೋಡ್ ಬರೆದಿದ್ದಾರೆ. ಅದರ ಕಾಪಿರೈಟ್ ಯಾವುದೋ ಒಂದು ಕಂಪನಿಗೆ ಬರೆದುಕೊಟ್ಟಿಲ್ಲ. ಬರೆದವರದ್ದು ಬರೆದವರ ಹತ್ತಿರ ಅಥವಾ ಅವರಿಗೆ ಸಂಬಳ ಕೊಟ್ಟವರ ಹತ್ತಿರ ಇದೆ. ಆದರೂ ಕರ್ನಲ್ ನಡೆಯುತ್ತಿದೆ, ಯಾರೂ ಯಾರ ಬಾಗಿಲೂ ತಟ್ಟುತ್ತಿಲ್ಲ. ಯಾಕೆ? ಒಳಗೆ ಸೇರಿಸುವ ಮೊದಲೇ, ಎಲ್ಲರೂ ಬಳಸಬಹುದು ಎಂಬ ಲೈಸೆನ್ಸ್‌ಗೆ ಒಪ್ಪಿರುತ್ತಾರೆ. ಮಾಲೀಕತ್ವ ಬೇರೆ, ಬಳಸುವ ಅನುಮತಿ ಬೇರೆ. ಕೆಲಸ ನಡೆಯಬೇಕಾದರೆ ಎರಡನೆಯದು ಸಾಕು. ಕಂಪನಿಗಳು ಎರಡನೆಯದರ ನೆಪ ಹೇಳಿ ಮೊದಲನೆಯದನ್ನೂ ಬರೆಸಿಕೊಳ್ಳುತ್ತವೆ, ನನ್ನ ತಕರಾರು ಇರುವುದು ಇಲ್ಲಿ.

ಕಾದಂಬರಿಗಳಿಗೆ ಇದನ್ನು ಮೂರು ಸಾಲಿನಲ್ಲಿ ಬರೆಯಬಹುದು. ಒಂದು, ಲೇಖಕ ಹುಟ್ಟಿಸಿದ ಹೊಸ ಪಾತ್ರ ಲೇಖಕನದ್ದು. ಆ ಲೋಕದೊಳಗೆ ಅದನ್ನು ಬಳಸಲು ಕಂಪನಿಗೂ, ಅದೇ ಸರಣಿಯ ಬೇರೆ ಲೇಖಕರಿಗೂ ಶಾಶ್ವತ ಅನುಮತಿ ಇರಬೇಕು. ಎರಡು, ಪ್ರತಿ ಬಳಕೆಗೆ ಎಷ್ಟು ದುಡ್ಡು ಅಂತ ಮೊದಲೇ ನಿಗದಿಯಾಗಬೇಕು, ಡಾಲೆಕ್ ಥರ ಕೊನೇ ಗಳಿಗೆಯ ಜಗ್ಗಾಟ ಇರಬಾರದು. ಮೂರು, ಆ ಲೋಕದ ಹೆಸರು, ಚಿಹ್ನೆ, ಇತರ ಪಾತ್ರಗಳನ್ನು ಬಿಟ್ಟು ತನ್ನ ಪಾತ್ರವನ್ನು ಹೊರಗೆ ಕರೆದುಕೊಂಡು ಹೋಗುವ ಸ್ವಾತಂತ್ರ್ಯ ಲೇಖಕನಿಗೆ ಇರಬೇಕು. ಹೀಗಿದ್ದಿದ್ದರೆ ಥ್ರಾನ್ ಟಿವಿಗೆ ಈಗ ಬಂದಷ್ಟೇ ಸಲೀಸಾಗಿ ಬರುತ್ತಿದ್ದ. ಮಾರಾ ಜೇಡ್ ಕೂಡ ಬೀಗದ ರೂಮಿನಲ್ಲಿ ಇರುತ್ತಿರಲಿಲ್ಲ.

ಅಮೆರಿಕದ, ಇಂಗ್ಲೆಂಡಿನ ಪುಸ್ತಕಗಳ ಜಗಳ ನಮಗ್ಯಾಕೆ ಅಂತ ಕೇಳುವವರಿಗೆ ನಮ್ಮದೇ ದೇಶದ ಕಾನೂನಿನಿಂದ ಒಂದು ವಿಷಯ. ಭಾರತದ ಕಾಪಿರೈಟ್ ಕಾಯ್ದೆ, 1957ರ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಒಂದು 'ಸಾಹಿತ್ಯ ಕೃತಿ'. ತಮಾಷೆ ಅಲ್ಲ. ನೀವು ರಾತ್ರಿಯೆಲ್ಲ ಕೂತು ಬರೆದ ಪೈಥಾನ್ ಕೋಡೂ, ಕಾದಂಬರಿಯೂ ಕಾನೂನಿನ ಕಣ್ಣಿಗೆ ಒಂದೇ ಪಂಕ್ತಿಯಲ್ಲಿ ಕೂತಿವೆ. ಅದರ 17ನೇ ಸೆಕ್ಷನ್ ಪ್ರಕಾರ, ನೌಕರಿಯಲ್ಲೋ ಅಪ್ರೆಂಟಿಸ್‌ಶಿಪ್‌ನಲ್ಲೋ ಇದ್ದು ಆ ಕೆಲಸದ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕ ಕೆಲಸ ಕೊಟ್ಟವರು. ಅಂದರೆ ಕ್ಯೂಸಿಕ್ ಕೂತ ಜಾಗದಲ್ಲೇ ನಾಳೆ ನಮ್ಮಲ್ಲಿ ಮುಕ್ಕಾಲು ಪಾಲು ಜನ ಕೂರುತ್ತೇವೆ.

ಅದೇ ಕಾಯ್ದೆಯ 19ನೇ ಸೆಕ್ಷನ್ ಹಕ್ಕು ಬರೆದುಕೊಡುವವರ ಪರವಾಗಿ ಕೆಲವು ಒಳ್ಳೇ ಮಾತು ಹೇಳುತ್ತದೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ ಇರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದುಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ ವರ್ಗಾವಣೆ ರದ್ದಾದಂತೆ. ಮಾರಾ ಜೇಡ್‌ಗೆ ಬೇಕಾಗಿದ್ದ ಔಷಧ ಇದೇ ಅಲ್ವಾ? ಆದರೆ ಈ ಕೊನೆಯ ಸಾಲಿಗೆ ಒಂದು ಬಾಲವಿದೆ: ಒಪ್ಪಂದದಲ್ಲಿ ಬೇರೆ ಥರ ಹೇಳಿರದಿದ್ದರೆ. ಆ ಬಾಲ ಹಿಡಿದುಕೊಂಡೇ ಕಾಂಟ್ರಾಕ್ಟ್‌ಗಳಲ್ಲಿ ಶಾಶ್ವತವಾಗಿ, ಜಗತ್ತಿನಾದ್ಯಂತ, ಬಳಸಿದರೂ ಬಳಸದಿದ್ದರೂ ಎಂಬ ಸಾಲು ನುಸುಳುವುದು. ಕಾನೂನು ಕೊಟ್ಟದ್ದನ್ನು ನಾವೇ ಓದದೆ ಸಹಿ ಹಾಕಿ ವಾಪಸ್ ಕೊಡುತ್ತೇವೆ.

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಆಫರ್ ಲೆಟರ್ ಬಂದಾಗ ನಾವು ಮೊದಲು ನೋಡುವುದು ಸಿಟಿಸಿ, ಆಮೇಲೆ ಲೊಕೇಶನ್, ಆಮೇಲೆ ಬಾಂಡ್ ಇದೆಯಾ ಇಲ್ವಾ. ನಾಲ್ಕನೆಯದಾಗಿ ಇದನ್ನೂ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಕೆಲಸದ ಹೊತ್ತಿನಲ್ಲಿ ಮಾಡಿದ್ದು ಕಂಪನಿಯದ್ದು ಅಂದರೆ ನ್ಯಾಯ. ಭಾನುವಾರ ನಿಮ್ಮ ಲ್ಯಾಪ್‌ಟಾಪಿನಲ್ಲಿ, ಅವರ ಕೆಲಸಕ್ಕೆ ಸಂಬಂಧವೇ ಇಲ್ಲದ ಏನನ್ನೋ ಮಾಡಿದರೆ ಅದೂ ಅವರದ್ದು ಅಂತ ಬರೆದಿದ್ದರೆ, ಸಹಿಗೆ ಮುಂಚೆ ಕೇಳಿ. ಬದಲಾಯಿಸುತ್ತಾರೋ ಇಲ್ಲವೋ, ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ. ಕೇಳುವವರು ಹೆಚ್ಚಾದಷ್ಟೂ ಆ ಸಾಲು ಬರೆಯುವವರು ಸ್ವಲ್ಪ ಯೋಚಿಸುತ್ತಾರೆ.

ಇನ್ನು ನಮ್ಮ ಮನೆಯಿಂದಲೇ ಶುರು ಮಾಡೋಣ. ಈ ಪತ್ರಿಕೆಯಲ್ಲಿ ಮುಂದಿನ ಸೆಮಿಸ್ಟರ್‌ನಿಂದ ರಿಲೇ ಕಥೆ ಬರಲಿದೆ. ಒಬ್ಬರು ಒಂದು ಕಂತು, ಮುಂದಿನವರು ಮುಂದಿನ ಕಂತು. ಮೊದಲ ಕಂತು ಬರೆದವರು ಹುಟ್ಟಿಸಿದ ಹುಡುಗಿಯನ್ನು ಐದನೇ ಕಂತಿನವರು ಬಳಸಬಹುದಾ? ಕಾಲೇಜು ಬಿಟ್ಟ ಮೇಲೆ ಅವಳನ್ನೇ ಇಟ್ಟುಕೊಂಡು ಒಂದು ಕಾದಂಬರಿ ಬರೆಯಬಹುದಾ? ಬರೆದರೆ ಕ್ಲಬ್ಬಿನವರು ತಕರಾರು ಎತ್ತಬಹುದಾ? ಇವತ್ತು ಇದು ಸಣ್ಣ ವಿಷಯ ಅನ್ನಿಸುತ್ತೆ. ಸಣ್ಣ ವಿಷಯ ಆಗಿರುವಾಗಲೇ ಬರೆದಿಡುವುದು ಒಳ್ಳೇದು, ದೊಡ್ಡದಾದ ಮೇಲೆ ವಕೀಲರು ಬರೆಯುತ್ತಾರೆ.

ಅದಕ್ಕೆ ಸಂಪಾದಕ ಮಂಡಳಿಗೆ ನನ್ನ ಕೋರಿಕೆ: ಮೊದಲ ಕಂತು ಹಾಕುವ ಮುಂಚೆ ಅರ್ಧ ಪುಟದ ನಿಯಮ ಹಾಕಿ. ಪಾತ್ರ ಹುಟ್ಟಿಸಿದವರದ್ದು. ರಿಲೇ ಕಥೆಯೊಳಗೆ ಎಲ್ಲರೂ ಬಳಸಬಹುದು. ಹೊರಗೆ ಹೋಗುವಾಗ ತಮ್ಮ ಪಾತ್ರವನ್ನು ಕರೆದುಕೊಂಡು ಹೋಗಬಹುದು, ಬೇರೆಯವರದ್ದನ್ನು ಅಲ್ಲ. ಹುಟ್ಟಿಸಿದವರ ಹೆಸರು ಪ್ರತಿ ಕಂತಿನ ಕೆಳಗೆ ಇರಬೇಕು. ಇಷ್ಟು ಸಾಕು. ಆಮೇಲೆ ಯಾರು ಬೇಕಾದರೂ ಧೈರ್ಯವಾಗಿ ತಮ್ಮ ಅತ್ಯುತ್ತಮ ಪಾತ್ರವನ್ನೇ ತರಬಹುದು, ಕೈತಪ್ಪಿ ಹೋಗುತ್ತೆ ಅಂತ ಎರಡನೇ ದರ್ಜೆಯದನ್ನು ಕೊಟ್ಟು ಒಳ್ಳೆಯದನ್ನು ಬಚ್ಚಿಡಬೇಕಾಗಿಲ್ಲ.